ಮನೆ ಮುಂದಿನ ಒಲೆ

ಮೋಹನ್‌ಬಾಬು ಆ ಮೂರು ಕಲ್ಲುಗಳನ್ನು ಮನೆಯ ಹಿಂದೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಚಿಂತಾಮಣಿಯ ಆ ಓಣಿಯಲ್ಲಿ ಅವನ ಮನೆಗೆ ‘ಹಿಂದೆ’ ಅನ್ನುವುದೇ ಇರಲಿಲ್ಲ. ಹಿಂಬದಿ ಗೋಡೆಗೆ ಬೆನ್ನು ಕೊಟ್ಟುಕೊಂಡು ಷರೀಫ್ ಸಾಬರ ರೇಷ್ಮೆ ನೂಲು ತೆಗೆಯುವ ಶೆಡ್ಡು ನಿಂತಿತ್ತು. ಹೀಗಾಗಿ ಸೌದೆ ಒಲೆ ಮನೆಯ ಮುಂದೆ, ಬಾಗಿಲಿಗೆ ನೇರವಾಗಿ, ಓಣಿಗೆಲ್ಲ ಕಾಣುವ ಹಾಗೆ ಬಂತು.

ಮೋಹನ್‌ಬಾಬು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೆಲವರಿಗೆ ಇಸ್ಪೀಟಿನ ಹುಚ್ಚು ಹಿಡಿಯುವ ಹಾಗೆ ಹೋದ ಯುಗಾದಿಯಿಂದ ಅವನಿಗೆ ಪರಿಸರ ಮತ್ತು ಮಿತವ್ಯಯದ ಹುಚ್ಚು ಹಿಡಿದಿತ್ತು. ಯಾವ ತಿಂಗಳಿಗೆ ಯಾವ ಸೊಪ್ಪು, ಯಾವ ಕಾಳು, ಯಾವ ಕಾಯಿ ಎಂದು ಅಡುಗೆಮನೆಯ ಗೋಡೆಗೆ ದೊಡ್ಡ ಚಕ್ರ ಬರೆದು ಅಂಟಿಸಿದ್ದ. ಚಕ್ರದಲ್ಲಿ ಇಲ್ಲದ್ದು ತಟ್ಟೆಯಲ್ಲೂ ಇಲ್ಲ. ಲಾರಿಗಟ್ಟಲೆ ಟೊಮೆಟೊ ಬೆಳೆಯುವ ಸೀಮೆಯಲ್ಲಿ ಅವನ ಹೆಂಡತಿ ಶೋಭಾರಾಣಿ ಟೊಮೆಟೊ ಮುಖ ನೋಡಿ ಎಷ್ಟೋ ದಿನವಾಗಿತ್ತು. ಫ್ರಿಜ್ಜು ಕರೆಂಟು ತಿನ್ನುತ್ತದೆಂದು ಮಾರಿದ್ದ. ಪ್ಲಾಸ್ಟಿಕ್ ಕವರು ಒಳಗೆ ಬಂದರೆ ಹಾವು ಕಂಡವನಂತೆ ಕುಣಿಯುತ್ತಿದ್ದ. ಮಗಳು ಯಾಮಿನಿ ಚಿಪ್ಸ್ ತಿಂದ ದಿನ ಬಾಯಿ ತೊಳೆದುಕೊಂಡೇ ಮನೆಗೆ ಬರುತ್ತಿದ್ದಳು.

ಶನಿವಾರ ಗ್ಯಾಸ್ ಮುಗಿಯಿತು.

“ಬುಕ್ ಮಾಡ್ಬೇಡ. ಸೌದೆ ಇದೆ,” ಎಂದ ಮೋಹನ್‌ಬಾಬು.

ಶೋಭಾರಾಣಿ ಸೌಟು ಕೆಳಗಿಟ್ಟಳು. “ಸರಿ ಕಣ್ರೀ. ನಾಳೆ ನೀವೇ ಮಾಡಿ. ಮನೇಲಿರೋ ನಾಲ್ಕು ಜನಕ್ಕೆ ಒಂದೇ ಒಂದು ಹೊತ್ತು ಹೊಟ್ಟೆ ತುಂಬ ಊಟ ಹಾಕಿ, ಸಾಕು. ಹಾಕಿದ್ರೆ ಆ ಚಕ್ರ ಹೇಳ್ದಂಗೆ ವರ್ಷವೆಲ್ಲ ತಿಂತೀನಿ, ಉಸಿರೆತ್ತಲ್ಲ. ಹಾಕ್ಲಿಲ್ಲ ಅಂದ್ರೆ ನಿಮ್ಮ ಕೈಯಾರೆ ಆ ಚಕ್ರ ಕಿತ್ತು ಹಾಕ್ಬೇಕು. ಆಮೇಲೆ ಅಡುಗೆಮನೆ ಹೊಸಲು ತುಳೀಬಾರ್ದು.”

“ಒಪ್ದೆ.”

ತಾಯಿ ಅಮ್ಮಾಜಮ್ಮನಿಗೆ ಈ ಪಂಥದಲ್ಲಿ ಆಸಕ್ತಿ ಇರಲಿಲ್ಲ. “ಕೆಂಚಾರ್ಲಹಳ್ಳೀಲಿ ನನ್ನ ತಮ್ಮನ ಹೊಲದಲ್ಲಿ ಅವರೆಕಾಯಿ ಸೊಗಡು ಊರೆಲ್ಲಾ ಹೊಡೀತಿದೆಯಂತೆ. ಬೆಳಗ್ಗೆ ಹೋಗಿ ತರ್ತೀನಿ,” ಎಂದಳು. ಹೇಳಿದ ಹಾಗೆ ಭಾನುವಾರ ಮೊದಲ ಬಸ್ಸಿಗೇ ಹೋದಳು. ಚಾರ್ಜಿಗೆ ಹಾಕಿದ್ದ ಫೋನನ್ನು ಮನೆಯಲ್ಲೇ ಮರೆತಳು.

ಮೋಹನ್‌ಬಾಬು ಸ್ಕೂಟರ್ ತೆಗೆದು ಪೇಟೆಗೆ ಹೋದ. ಸಾರಿಗೆ ಹೊಸ ಮಣ್ಣಿನ ಮಡಕೆ. ಒಲೆಗೆ ಬೆರಣಿ. ಹೀರೇಬಳ್ಳಿ ಹಬ್ಬಿಸಲು ಎರಡು ಹಸಿ ಬಿದಿರಿನ ಗಳ, ಕಟ್ಟಲು ತೆಂಗಿನ ನಾರಿನ ಹಗ್ಗ. ಕೈಚೀಲ ಹೊಲಿಸಲು ಬಿಳಿ ಬಟ್ಟೆ. ಎಲ್ಲವೂ ಕೊನೆಗೆ ಮಣ್ಣಿಗೇ ಸೇರುವಂಥವು ಎಂದು ಅವನಿಗೆ ಹೆಮ್ಮೆ.

ಬಟ್ಟೆ ಅಂಗಡಿಯವನು ಅಳೆಯುತ್ತಾ ತಗ್ಗಿದ ದನಿಯಲ್ಲಿ ಕೇಳಿದ: “ಗಂಡಸೋ ಹೆಂಗಸೋ ಸಾರ್?”

“ಬಿಳಿ ಬಟ್ಟೇಲೂ ಅದಿದೆಯೇನ್ರಿ? ಸುಮ್ನೆ ಹರೀರಿ.”

ಅಂಗಡಿಯವನು ಹರಿದುಕೊಟ್ಟು ಕೈಮುಗಿದ. ಪರಿಸರಕ್ಕೆ ದುಡಿಯುವವರಿಗೆ ಜನ ಇನ್ನೂ ಬೆಲೆ ಕೊಡುತ್ತಾರೆ ಎಂದುಕೊಂಡ ಮೋಹನ್‌ಬಾಬು.

ಒಲೆ ಹಚ್ಚಿದ ಮೇಲೆ ಬೆರಣಿ ಹೊಗೆ ಓಣಿ ತುಂಬಿತು. ಎದುರುಮನೆ ಕೊಂಡಮ್ಮ ಬಾಗಿಲಿಗೆ ಬಂದಳು. ಮನೆ ಮುಂದೆ ಬೆಂಕಿ. ಪಕ್ಕದಲ್ಲಿ ಹೊಸ ಮಡಕೆ. ಗೋಡೆಗೆ ಒರಗಿಸಿದ ಬಿದಿರು, ಹಗ್ಗ, ಬಿಳಿ ಬಟ್ಟೆ. ಇವಿಷ್ಟೂ ಒಂದು ಮನೆಯ ಮುಂದೆ ಒಟ್ಟಿಗೆ ಯಾವಾಗ ಬರುತ್ತವೆ ಎನ್ನುವುದು ಈ ಸೀಮೆಯ ಕೂಸಿಗೂ ಗೊತ್ತು.

“ಏಮಿ ನಾಯ್ನಾ ಇದಿ? ಏನಪ್ಪಾ ಇದು? ಅಮ್ಮ ಎಲ್ಲಪ್ಪಾ?”

ಮೋಹನ್‌ಬಾಬು ಒಲೆ ಊದುತ್ತಿದ್ದ. ಹೊಗೆಗೆ ಅವನ ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. “ಅಮ್ಮ ಬೆಳಗ್ಗೇನೇ ಹೋದ್ಲು ಕೊಂಡಮ್ಮನೋರೇ.”

“ಅಯ್ಯೋ ದೇವುಡಾ! ನಿನ್ನೆ ಚೆನ್ನಾಗೇ ಇದ್ರಲ್ಲಪ್ಪ!”

“ನಿನ್ನೆಯಿಂದ್ಲೂ ಹೋಗ್ತೀನಿ ಹೋಗ್ತೀನಿ ಅಂತಿದ್ಲು.”

“ಜಾಸ್ತಿ ನರಳಿದ್ರಾ?”

“ಮಂಡಿನೋವು ಅಂತ ಸ್ವಲ್ಪ ನರಳಿದ್ಲು. ಆಮೇಲೆ ಕೂತ್ಕೊಂಡ್ಲು, ಹೋದ್ಲು.”

“ಪಾಪಮು! ಶೋಭಾ?”

“ಒಳಗೆ ಬಾಗಿಲು ಹಾಕ್ಕೊಂಡು ಕೂತಿದ್ದಾಳೆ. ಹೊರಗೇ ಬರಲ್ಲ ಅಂದ್ಬಿಟ್ಟಿದ್ದಾಳೆ.”

“ಎಷ್ಟೊತ್ತಿಗೆ ಮುಗಿಸ್ತೀರಪ್ಪಾ?”

“ಮಧ್ಯಾಹ್ನದೊಳಗೆ ಮುಗಿಸ್ಬೇಕು. ಇಟ್ಕೊಂಡು ಕೂತ್ರೆ ಕೆಟ್ಟೋಗುತ್ತೆ. ಫ್ರಿಜ್ಜು ಬೇರೆ ಇಲ್ಲ ನಮ್ಮನೇಲಿ.”

ಕೊಂಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಓಡಿದಳು.

ಸ್ವಲ್ಪ ಹೊತ್ತಿಗೆ ಶೆಡ್ಡಿನ ಗಡಗಡ ಸದ್ದು ನಿಂತಿತು. ಭಾನುವಾರವೂ ನಿಲ್ಲದ ಯಂತ್ರವದು. ಷರೀಫ್ ಸಾಬರು ಟೋಪಿ ಸರಿಮಾಡಿಕೊಂಡು ಬಂದು ಮೋಹನ್‌ಬಾಬುವಿನ ಹೆಗಲ ಮೇಲೆ ಕೈಯಿಟ್ಟರು.

“ಧೈರ್ಯ ತಗೊಳ್ಳಿ ಮೇಷ್ಟ್ರೇ. ನಮ್ಮ ಕೈಲೇನಿದೆ? ಎಲ್ಲಾ ಮೇಲಿರೋನ ಇಷ್ಟ.”

“ಹಂಗೇನಿಲ್ಲ ಸಾಬ್ರೇ. ಉಪ್ಪು ಖಾರ ನನ್ನ ಕೈಲೇ ಇದೆ.”

ಸಾಬರು ಹಿಂದೆ ನಿಂತಿದ್ದ ಹೆಂಡತಿ ಶಹಜಾದಿಯ ಕಡೆ ನೋಡಿ ತಲೆಯಾಡಿಸಿದರು. ಶಹಜಾದಿ ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಉಪ್ಪಿಟ್ಟಿನ ಡಬ್ಬಿ ಹಿಡಿದಿದ್ದಳು. ಅವಳ ಹಿಂದೆಯೇ ಕೊಂಡಮ್ಮ ಚಿತ್ರಾನ್ನದ ಪಾತ್ರೆ ಹೊತ್ತು ಬಂದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಲಿಯಲ್ಲಿ ಕೂತರು. ಯಾರೂ ಏನೂ ಕೇಳಲಿಲ್ಲ. ಸಾವಿನ ಮನೆಯಲ್ಲಿ ಕೇಳುವುದೇನಿರುತ್ತದೆ?

ಮೋಹನ್‌ಬಾಬುವಿಗೆ ಹುರುಪು ಬಂತು. ತನ್ನ ಒಲೆ ನೋಡಲು ಇಷ್ಟು ಜನ ಬರುತ್ತಾರೆಂದು ಅವನು ಎಣಿಸಿರಲಿಲ್ಲ. ಮಡಕೆಯನ್ನು ಬೆಂಕಿಯ ಮೇಲಿಟ್ಟು, ನೀರು ಕುದಿಸಿ, ಸೊಪ್ಪು ಸುರಿದ.

“ಏನ್ ಮಾಡ್ತಿದ್ದಾನೆ?” ಎಂದು ಪಿಸುಗುಟ್ಟಿದಳು ಒಬ್ಬಳು.

“ಬೆರಕೆ ಸೊಪ್ಪು ಬೇಯಿಸ್ತಿದ್ದಾನೆ.”

“ಸುಮ್ನಿರಿ. ಶಾಕ್ ಆಗಿದೆ ಪಾಪ.”

ಅಷ್ಟರಲ್ಲಿ ರಾಮಾಂಜಿನಪ್ಪ ಬಂದ. ಓಣಿಯಲ್ಲಿ ಯಾರು ಹೋದರೂ ಚಟ್ಟ ಕಟ್ಟುವುದು ಅವನೇ, ಕೂಲಿಗಲ್ಲ, ಹುಮ್ಮಸ್ಸಿಗೆ. ಬಂದವನೇ ಬಿದಿರು ಎತ್ತಿ, ನೆಲಕ್ಕೆ ಹಾಸಿ, ಹಗ್ಗ ಬಿಗಿಯತೊಡಗಿದ.

“ಅಡ್ಡಡ್ಡ ಯಾಕಪ್ಪ ಮಲಗಿಸ್ತೀಯ? ನೆಟ್ಟಗೆ ನಿಲ್ಲಿಸ್ಬೇಕು ಅದನ್ನ,” ಎಂದ ಮೋಹನ್‌ಬಾಬು.

“ನಿಮ್ಮ ಕಡೆ ಕೂರಿಸ್ತಾರಾ? ಕೂರಿಸೋದಾದ್ರೆ ಬೇರೆ ಥರ ಕಟ್ಬೇಕು. ಮೊದ್ಲೇ ಹೇಳಬಾರ್ದಾ?”

ಮೋಹನ್‌ಬಾಬು ಏನೋ ಹೇಳಲು ಬಾಯಿ ತೆರೆದ. ಜಗಲಿಯಿಂದ ಕೊಂಡಮ್ಮನ ಮಾತು ಕಿವಿಗೆ ಬಿತ್ತು.

“ಅಮ್ಮಾಜಮ್ಮನಂಥ ಜೀವ ಇನ್ನು ಹುಟ್ಟಲ್ಲ ಬಿಡಮ್ಮ. ಎಂಥಾ ಹೆಂಗಸು! ಒಂದೇ ಬೆಳಗ್ಗೆಗೆ ಹೊರಟೋದ್ರು.”

ಸೌಟು ಅವನ ಕೈಯಿಂದ ಜಾರಿತು. ಹೆಂಗಸರನ್ನು ನೋಡಿದ. ಎಲ್ಲರ ಕಣ್ಣೂ ಕೆಂಪು. ಸಾಬರನ್ನು ನೋಡಿದ. ಸಾಬರು ನೆಲ ನೋಡಿದರು. ರಾಮಾಂಜಿನಪ್ಪ ಕಟ್ಟುತ್ತಿದ್ದುದನ್ನು ಈಗ ಮೊದಲ ಸಲ ಸರಿಯಾಗಿ ನೋಡಿದ. ಕೆಂಚಾರ್ಲಹಳ್ಳಿ ರಸ್ತೆಯ ತಿರುವುಗಳು ಕಣ್ಣ ಮುಂದೆ ಬಂದವು. ಬಸ್ಸು! ತನಗೆ ಮುಟ್ಟದ ಸುದ್ದಿ ಊರಿಗೆಲ್ಲ ಮುಟ್ಟಿದೆ.

“ಅಮ್ಮಂಗೇನಾಯ್ತು?” ಎಂದು ಚೀರಿದ.

ರಾಮಾಂಜಿನಪ್ಪ ಓಡಿಬಂದು ತಬ್ಬಿಕೊಂಡ. “ಅಳಪ್ಪಾ, ಅಳು. ಬೆಳಗ್ಗೆಯಿಂದ ಎದೇಲೇ ಇಟ್ಕೊಂಡಿದ್ದೆ ನೀನು.”

ಮೋಹನ್‌ಬಾಬು ಅತ್ತ. ಅವನ ಅಳು ಕೇಳಿ ಜಗಲಿಯೂ ಧಾರಾಳವಾಗಿ ಅತ್ತಿತು. ಗದ್ದಲಕ್ಕೆ ಶೋಭಾರಾಣಿ ಬಾಗಿಲು ತೆರೆದಳು. ಬಂದು ನೋಡಿದರೆ ಗಂಡ ಬೂದಿಯಲ್ಲಿ ಕೂತು ಗೋಳಾಡುತ್ತಿದ್ದಾನೆ, ಅಂಗಳದಲ್ಲಿ ಚಟ್ಟ ಇದೆ. “ಅತ್ತೇ...” ಎಂದು ಕುಸಿದಳು. ಯಾಮಿನಿ ಅಮ್ಮನ ಮೇಲೆ ಬಿದ್ದಳು.

ಕೆಲಸ ಮುಗಿಸಿದ ರಾಮಾಂಜಿನಪ್ಪ ಕೈ ಕೊಡವಿಕೊಂಡು ಕೇಳಿದ: “ಎಲ್ಲಿದ್ದಾರೆ? ಸ್ನಾನ ಮಾಡಿಸ್ಬೇಕಲ್ಲ.”

“ನನಗೇನ್ ಗೊತ್ತಣ್ಣಾ?” ಎಂದ ಮೋಹನ್‌ಬಾಬು ಬಿಕ್ಕುತ್ತಾ. “ನೀವೇ ಹೇಳಿ!”

“ನಾವಾ? ನಿನ್ನ ಮನೇಲಿ ಹೋಗಿದ್ದು, ನಮಗೆ ಹೆಂಗೆ ಗೊತ್ತಾಗುತ್ತೆ?”

ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕು ಹೆಂಗಸರು ಒಳಗೆ ನುಗ್ಗಿ ಕೋಣೆ, ಬಚ್ಚಲು, ಮಂಚದ ಕೆಳಗೆ ಹುಡುಕಿದರು. ಹೆಣ ಇರಲಿಲ್ಲ. ಅವರ ಆಯಸ್ಸಿನಲ್ಲಿ ಹೆಣವಿಲ್ಲದ ಸಾವಿನ ಮನೆಯನ್ನು ಅವರು ಕಂಡಿರಲಿಲ್ಲ. ಮೋಹನ್‌ಬಾಬು ಸೋದರಮಾವ ವೆಂಕಟರಾಮಪ್ಪನಿಗೆ ಫೋನ್ ಹಚ್ಚಿದ. ಬಿಜಿ. ಮತ್ತೆ ಹಚ್ಚಿದ. ಬಿಜಿ.

ಓಣಿಯ ತಿರುವಿನಲ್ಲಿ ಟೆಂಪೋ ಒಂದು ಹಾರನ್ ಹೊಡೆಯುತ್ತಾ ಬಂದು ನಿಂತಿತು. ಅದರ ತುಂಬ ಕೆಂಚಾರ್ಲಹಳ್ಳಿಯ ಜನ. ಅವರ ನಡುವೆ ತಲೆ ಕೆದರಿಕೊಂಡು, ಎದೆ ಬಡಿದುಕೊಳ್ಳುತ್ತಾ ಕೆಳಗಿಳಿದವಳು ಅಮ್ಮಾಜಮ್ಮ.

“ಅಯ್ಯೋ ಮೋಹನಾ! ನನ್ನ ಕಂದಾ! ನನ್ನ ಬಿಟ್ಟು ಹೋದ್ಯಲ್ಲೋ!”

“ಅಮ್ಮಾ! ನನ್ನ ಬಿಟ್ಟು ಹೋದ್ಯಲ್ಲಮ್ಮಾ!” ಎಂದು ಅಳುತ್ತಲೇ ಮೋಹನ್‌ಬಾಬು ತಲೆಯೆತ್ತಿದ.

ತಾಯಿ ಮಗ ಪರಸ್ಪರ ನೋಡಿದರು. ಇಬ್ಬರೂ ಒಟ್ಟಿಗೆ ಕಿರುಚಿದರು. ಕೊಂಡಮ್ಮ ಕಣ್ಣು ಮೇಲೆ ಮಾಡಿ ಶಹಜಾದಿಯ ತೊಡೆ ಮೇಲೆ ಬಿದ್ದಳು.

“ಹಂಗಾದ್ರೆ ಹೋಗಿದ್ದು ಯಾರು?” ಎಂದ ರಾಮಾಂಜಿನಪ್ಪ, ಮೋಸ ಹೋದವನ ದನಿಯಲ್ಲಿ.

ಗಂಟು ಬಿಡಿಸಿದವನು ವೆಂಕಟರಾಮಪ್ಪ. ಕೊಂಡಮ್ಮ ಅವನಿಗೆ ಫೋನ್ ಮಾಡಿ “ಬಾಬು ಇಂಟಿ ಮುಂದು ನಿಪ್ಪು ಪೆಟ್ಟಿನಾರು” ಎಂದಷ್ಟೇ ಹೇಳಿ, ಅತ್ತು, ಫೋನ್ ಇಟ್ಟಿದ್ದಳು. ಬಾಬು ಮನೆ ಮುಂದೆ ಬೆಂಕಿ ಹಾಕಿದ್ದಾರೆ. ಅಕ್ಕ ಎದುರಿಗೇ ಕೂತು ಅವರೆಕಾಯಿ ಕೀಳುತ್ತಿದ್ದಾಳೆ. ಹಾಗಾದರೆ ಹೋಗಿರುವುದು ಬಾಬುವೇ. ಟೆಂಪೋದಲ್ಲಿ ಬರುತ್ತಾ ಅವನು ನೆಂಟರಿಗೆಲ್ಲ ಅದನ್ನೇ ಹೇಳಿದ್ದ.

“ಬೆಂಕಿ ಹಾಕಿದ್ದು ಯಾರೋ?” ಎಂದಳು ಅಮ್ಮಾಜಮ್ಮ.

“ಒಲೆ ಕಣಮ್ಮ. ಗ್ಯಾಸ್ ಉಳಿಸೋಣ ಅಂತ...”

ಅಮ್ಮಾಜಮ್ಮ ಮಡಕೆಯನ್ನು ಕಾಲಿನಿಂದ ಒದ್ದಳು. ಸೊಪ್ಪಿನ ಸಾರು ಅಂಗಳದಲ್ಲಿ ಹರಿಯಿತು. “ನನ್ನ ಹೆಸರಲ್ಲೂ ನಿನ್ನ ಹೆಸರಲ್ಲೂ ಉರಿದ ಬೆಂಕಿ. ಇದರ ಮೇಲೆ ಬೆಂದಿದ್ದು ತಿಂತೀಯೇನೋ?”

“ಅವರೆಕಾಯಿ ಎಲ್ಲಮ್ಮ?”

“ಮಗ ಸತ್ತ ಅಂದ್ರೆ ಮೂಟೆ ಹೊತ್ಕೊಂಡು ಬರ್ತಾರೇನೋ? ಅಲ್ಲೇ ಬಿಸಾಕಿ ಬಂದೆ.”

ಸಾವು ಇರಲಿ ಬಿಡಲಿ, ಬಂದ ಮೇಲೆ ಸ್ನಾನ ತಪ್ಪದು ಎಂದು ಓಣಿಯವರು ಮನೆಗಳಿಗೆ ಹೋದರು. ಕೆಂಚಾರ್ಲಹಳ್ಳಿಯವರು ಬೈದುಕೊಂಡು ಟೆಂಪೋ ಹತ್ತಿದರು. ಕೊಂಡಮ್ಮ ಚಿತ್ರಾನ್ನದ ಪಾತ್ರೆ ಎತ್ತಿಕೊಂಡಳು.

“ಅದನ್ನ ಇಟ್ಟು ಹೋಗಿ ಕೊಂಡಮ್ಮನೋರೇ,” ಎಂದಳು ಶೋಭಾರಾಣಿ.

“ವದ್ದಮ್ಮಾ, ಬೇಡ! ಸಾವಿನ ಮನೆಗೆ ಅಂತ ಮಾಡಿದ್ದು. ಬದುಕಿರೋರು ತಿಂದ್ರೆ ಅಪಶಕುನ.”

ಅದನ್ನು ಕೇಳಿ ಶಹಜಾದಿಯೂ ಹೆದರಿ ಡಬ್ಬಿ ವಾಪಸ್ಸು ತೆಗೆದುಕೊಂಡು ಹೋದಳು. ರಾಮಾಂಜಿನಪ್ಪ ಮಾತ್ರ ಕಟ್ಟಿದ್ದನ್ನು ಬಿಚ್ಚಲು ಮನಸ್ಸು ಬಾರದೆ ಗೋಡೆಗೆ ಒರಗಿಸಿದ. “ಇರ್ಲಿ, ಗಟ್ಟಿಯಾಗಿ ಬಂದಿದೆ,” ಎಂದ.

ಮಧ್ಯಾಹ್ನ ಇಳಿಯಿತು. ಮನೆಯಲ್ಲಿ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಕೂತಿದ್ದರು. ಗ್ಯಾಸಿಲ್ಲ. ಇನ್ನೊಮ್ಮೆ ಒಲೆ ಹಚ್ಚುವ ಧೈರ್ಯ ಯಾರಿಗೂ ಇಲ್ಲ. ಶೋಭಾರಾಣಿ ಚಕ್ರವನ್ನು ನೋಡುತ್ತಿದ್ದಳು, ಮೋಹನ್‌ಬಾಬು ಅವಳನ್ನು ನೋಡದಿರಲು ಪ್ರಯತ್ನಿಸುತ್ತಿದ್ದ.

“ಸಂಜೆವರೆಗೂ ಟೈಮಿದೆ,” ಎಂದ ಸಣ್ಣ ದನಿಯಲ್ಲಿ.

ಆಗ ಬಾಗಿಲ ಮುಂದೆ ಆಟೋ ನಿಂತಿತು. ಕಿಟಕಿಯಲ್ಲಿ ಇಣುಕಿದ ಯಾಮಿನಿ, “ಅಜ್ಜಿ, ಶಿಡ್ಲಘಟ್ಟದ ಅಜ್ಜಿ!” ಎಂದಳು.

ಅಮ್ಮಾಜಮ್ಮನ ಚಿಕ್ಕಪ್ಪನ ಮಗಳು ಚಿಕ್ಕವೆಂಕಟಮ್ಮ, ಮೂರು ರೇಷ್ಮೆ ಶೆಡ್ಡುಗಳ ಒಡತಿ, ಜನ್ಮದಲ್ಲಿ ಯಾರಿಗೂ ಒಂದು ಲೋಟ ಮಜ್ಜಿಗೆ ಕೊಟ್ಟವಳಲ್ಲ. ಸುದ್ದಿ ಸುಳ್ಳೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಅವಳು ಅಳುತ್ತಾ ಇಳಿಯುತ್ತಿದ್ದಳು. ಆಟೋದವನು ಅವಳ ಹಿಂದೆ ಎರಡು ದೊಡ್ಡ ಊಟದ ಕ್ಯಾರಿಯರ್ ಇಳಿಸುತ್ತಿದ್ದ. ಹಿತಕಿದ ಅವರೆಬೇಳೆ ಸಾರಿನ ಘಮ ಬಾಗಿಲು ದಾಟಿ ಒಳಗೆ ಬಂತು.

“ಯಾರೂ ಬಾಯಿ ಬಿಡ್ಬೇಡಿ,” ಎಂದಳು ಅಮ್ಮಾಜಮ್ಮ. “ಬದುಕಿದ್ದಾನೆ ಅಂತ ಗೊತ್ತಾದ್ರೆ ಇವಳೂ ಕ್ಯಾರಿಯರ್ ವಾಪಸ್ ತಗೊಂಡೋಗ್ತಾಳೆ. ಮೋಹನಾ, ಮಲಕ್ಕೋ.”

“ಅಮ್ಮಾ, ನಾನು...”

“ಮಲಕ್ಕೊಳ್ರೀ,” ಎಂದಳು ಶೋಭಾರಾಣಿ. “ನಾಲ್ಕು ಜನಕ್ಕೂ ಊಟ ಆದ್ರೆ ನೀವು ಗೆದ್ದಂಗೆ. ನಾನು ಮಾತಿಗೆ ತಪ್ಪಲ್ಲ.”

ಮೋಹನ್‌ಬಾಬು ಮಲಗಿದ. ಯಾಮಿನಿ ದುಪ್ಪಟಿ ಎಳೆದು ಮುಖ ಮುಚ್ಚಿದಳು. ಚಿಕ್ಕವೆಂಕಟಮ್ಮ ಒಳಗೆ ಬಂದು ಅವನ ಪಾದ ಹಿಡಿದು ಮನಸಾರೆ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಕ್ಯಾರಿಯರ್‌ಗಳನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು.

“ಮಗು ಹಸಿದಿದೆ ಕಣೇ ಚಿಕ್ಕೀ. ಬಡಿಸ್ಲಾ?” ಎಂದಳು ಅಮ್ಮಾಜಮ್ಮ.

“ಹೆಣ ಮನೇಲಿಟ್ಕೊಂಡು ಊಟವೇನೇ ಅಕ್ಕಾ? ಎತ್ತಿದ ಮೇಲೇನೇ ಮುಚ್ಚಳ ತೆಗೆಯೋದು. ಯಾವಾಗ ಎತ್ತೋದು?”

ದುಪ್ಪಟಿಯ ಕೆಳಗೆ ಮೋಹನ್‌ಬಾಬು ಉಸಿರು ಬಿಗಿಹಿಡಿದ. ತನ್ನ ತಾಯಿ ಎದ್ದು ಬಾಗಿಲ ಕಡೆ ನಡೆದ ಸದ್ದು ಕೇಳಿತು.

“ಈಗ್ಲೇ,” ಎಂದಳು ಅಮ್ಮಾಜಮ್ಮ. ಓಣಿಗೆ ಕೇಳುವ ಹಾಗೆ ಕೂಗಿದಳು: “ಏ ರಾಮಾಂಜಿನಪ್ಪಾ! ಬಾರಪ್ಪ ಬೇಗ!”

ಶೋಭಾರಾಣಿ ಗಂಡನ ಎದೆಯ ಮೇಲೆ ಬಿದ್ದು ಜೋರಾಗಿ ಅತ್ತಳು. ಅಳುವಿನ ನಡುವೆ ಅವನ ಕಿವಿಯಲ್ಲಿ ಹೇಳಿದಳು: “ಓಣಿ ತಿರುವಿನವರೆಗೂ ಹೋಗ್ಬಿಟ್ಟು ಬನ್ರೀ. ನಿಮ್ಮ ಪಾಲು ತೆಗೆದಿಟ್ಟಿರ್ತೀನಿ.”