ತಿಂಗಳಿಗೆರಡು ದಿನದ ಸೈನ್ಯ

ಸಹಿ ಹಾಕುವ ವಿಷಯದಲ್ಲಿ ನಾನು ಕರ್ಣನ ವಂಶದವನು. ಮಗಳು ಶಾಲೆಯಿಂದ ತಂದ ಯಾವ ಕಾಗದವನ್ನೂ ಇಷ್ಟು ವರ್ಷಗಳಲ್ಲಿ ಪೂರ್ತಿ ಓದಿದವನಲ್ಲ. ಮ್ಯೂಸಿಯಂ ಪ್ರವಾಸ, ಈಜು ತರಗತಿ, ಕಪ್ಪೆ ಕೊಯ್ಯಲು ನಮ್ಮ ಅಭ್ಯಂತರವಿಲ್ಲವೆಂಬ ಪತ್ರ, ಎಲ್ಲಕ್ಕೂ ಕಾಫಿ ಕಪ್ಪನ್ನು ಎಡಗೈಗೆ ದಾಟಿಸಿ ಬಲಗೈಯಲ್ಲಿ ಗೀಚಿ ಕೊಟ್ಟಿದ್ದೇನೆ. ಹಾಗಾಗಿ ಹೋದ ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅನಘಾ ಒಂದು ಹಾಳೆ ತಂದು ನನ್ನ ದೋಸೆ ತಟ್ಟೆಯ ಪಕ್ಕದಲ್ಲಿಟ್ಟಾಗ ಅಭ್ಯಾಸಬಲದಿಂದ ಪೆನ್ನು ಹುಡುಕಿದೆ. ಸಹಿಯ ಮೊದಲಕ್ಷರವೂ ಬಿದ್ದಾಗಿತ್ತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ನನ್ನ ಹೆಂಡತಿ ಶೈಲಾ ಹಾಳೆಯನ್ನು ಎಳೆದುಕೊಂಡಳು. ಶೈಲಾ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಅವಳಿಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಉಚಿತವಾಗಿ ಮಾಡುತ್ತಾಳೆ.

"ರೀ, ಇದೇನು ಅಂತ ಗೊತ್ತಾ? ಇವಳು ಮಿಲಿಟರಿ ಪರೀಕ್ಷೆಗೆ ಕೂತ್ಕೊಳ್ಳೋಕೆ ನಮ್ಮ ಒಪ್ಪಿಗೆ!"

ನನ್ನ ಕೈಯಿಂದ ಪೆನ್ನು ಜಾರಿ ಚಟ್ನಿಯಲ್ಲಿ ಬಿತ್ತು. ಅನಘಾ ಮಾತ್ರ ಶಾಂತವಾಗಿದ್ದಳು. "ಅಪ್ಪಾ, ಇಟ್ಸ್ ಜಸ್ಟ್ ಒನ್ ವೀಕೆಂಡ್ ಎ ಮಂತ್. ದೆ ಪೇ ಫಾರ್ ಕಾಲೇಜ್" ಎಂದಳು. ನಮ್ಮ ಮನೆಯಲ್ಲಿ ನಾವು ಕನ್ನಡದಲ್ಲಿ ಗಾಬರಿಯಾಗುತ್ತೇವೆ, ಅವಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತಾಳೆ. ಅವಳು ವಿವರಿಸಿದ್ದು ಇಷ್ಟು. ಇದು ಮೀಸಲು ಸೈನ್ಯ. ಬೇಸಿಗೆಯಲ್ಲಿ ಕೆಲವು ವಾರ ತರಬೇತಿ, ಆಮೇಲೆ ತಿಂಗಳಿಗೆರಡು ದಿನ ಕವಾಯತು, ಮಿಕ್ಕಂತೆ ಎಲ್ಲರ ಹಾಗೆ ಕಾಲೇಜು. ಒಪ್ಪಂದದಲ್ಲೂ ಕಡಿಮೆ ಅವಧಿಯದನ್ನೇ ಆರಿಸಿದ್ದಾಳೆ, ಮೂರು ವರ್ಷ. ಹದಿನೇಳು ವರ್ಷದವಳಾದ್ದರಿಂದ ಅಪ್ಪ ಅಮ್ಮನ ಸಹಿ ಬೇಕು. ಅವಳು ಇಲ್ಲೇ ಅಮೆರಿಕದಲ್ಲಿ ಹುಟ್ಟಿದವಳು, ಈ ದೇಶದ ಪ್ರಜೆ. ನಾವಿಬ್ಬರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಳಿಂದ ನಿಂತವರು. ಅಂದರೆ ನಾವು ಇನ್ನೂ ಈ ದೇಶದ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಕಾಯುತ್ತಿರುವಾಗ, ನಮ್ಮ ಮಗಳು ಒಳಗಿನಿಂದ ಕೋವಿ ಹಿಡಿದು ಬಾಗಿಲು ಕಾಯಲು ಹೊರಟಿದ್ದಳು.

ಬೇಡ ಎಂದರೆ ಹಟ ಹಿಡಿಯುತ್ತಾಳೆ. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಸೈನ್ಯದ ಓಟ ಹೇಗಿರುತ್ತದೆಂದು ತೋರಿಸಿಬಿಟ್ಟರೆ ತಾನಾಗಿಯೇ ಕೈಬಿಡುತ್ತಾಳೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಅವಳನ್ನೆಬ್ಬಿಸಿ, "ನಡಿ, ಎರಡು ಮೈಲಿ ಓಡೋಣ" ಎಂದೆ. ನಮ್ಮೂರು ಡೌನರ್ಸ್ ಗ್ರೋವ್‌ನಲ್ಲಿ ಆಗ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಚಳಿ. ನಮ್ಮ ಬಡಾವಣೆಯ ಮೊದಲ ತಿರುವಿನವರೆಗೆ ನಾನು ಮುಂದಿದ್ದೆ. ಎರಡನೆಯ ತಿರುವಿನಲ್ಲಿ ಅವಳು ಕಾಣಿಸಲಿಲ್ಲ, ಅಷ್ಟು ಮುಂದೆ ಹೋಗಿದ್ದಳು. ಮೂರನೆಯ ತಿರುವಿನಲ್ಲಿ ನಾನು ಯಾರದೋ ಮನೆಯ ಅಂಚೆಪೆಟ್ಟಿಗೆಯನ್ನು ತಬ್ಬಿಕೊಂಡು ನಿಂತಿದ್ದೆ. ನಾಯಿ ಹಿಡಿದು ಬಂದ ಅಜ್ಜಿಯೊಬ್ಬಳು ಆ್ಯಂಬುಲೆನ್ಸ್ ಕರೆಯಲೇ ಎಂದು ವಿಚಾರಿಸಿದಳು. ನಾಯಿಯೂ ನನ್ನನ್ನು ಮರುಕದಿಂದಲೇ ಮೂಸಿತು. ಕೊನೆಗೆ ಅನಘಾ ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದವಳು ನನ್ನ ತೋಳು ಹಿಡಿದು ಮನೆಗೆ ಕರೆತಂದಳು. ಶೈಲಾ ಸೊಂಟಕ್ಕೆ ಮುಲಾಮು ತಿಕ್ಕುತ್ತಾ, "ಪರೀಕ್ಷೆ ಅವಳಿಗೋ ನಿಮಗೋ?" ಎಂದು ಕೇಳಿದಳು.

ನಗೆಯಾಡಿದರೂ ಒಳಗೆ ದಿಗಿಲಿತ್ತು. ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಗೋದಾಮಿನಲ್ಲಿ ಲಾರಿಗಳ ವೇಳಾಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಆ ವಾರ ಎರಡು ಲಾರಿಗಳನ್ನು ಒಂದೇ ಬಾಗಿಲಿಗೆ ಕಳಿಸಿ ಬೈಸಿಕೊಂಡೆ. ಕಾರಿನ ರೇಡಿಯೋದಲ್ಲಿ ಜಗತ್ತಿನ ಯಾವ ಮೂಲೆಯ ಜಗಳದ ಸುದ್ದಿ ಬಂದರೂ ಚಾನೆಲ್ ಬದಲಾಯಿಸುತ್ತಿದ್ದೆ, ನಾನು ಕೇಳದಿದ್ದರೆ ಜಗಳ ನಿಂತೀತು ಎನ್ನುವವನಂತೆ. ಶೈಲಾ ಮಾತ್ರ ಹೆದರಿಕೆಯನ್ನು ತನ್ನ ಪದ್ಧತಿಯಲ್ಲಿ ನಿಭಾಯಿಸಿದಳು. ಇಪ್ಪತ್ತೆರಡು ಪ್ರಶ್ನೆಗಳನ್ನು ಟೈಪ್ ಮಾಡಿಕೊಂಡು, "ಸುಮ್ನೆ ಒದ್ದಾಡೋದು ಬೇಡ, ಹೋಗಿ ಕೇಳೇಬಿಡೋಣ" ಎಂದು ಬುಧವಾರ ಮಧ್ಯಾಹ್ನ ಮೂವರನ್ನೂ ಹೊರಡಿಸಿದಳು.

ನೇಮಕಾತಿ ಕಚೇರಿ ಒಂದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿಗೂ ಸ್ಯಾಂಡ್‌ವಿಚ್ ಅಂಗಡಿಗೂ ನಡುವೆ ಇತ್ತು. ಗಿರಿಜಾಮೀಸೆಯ ಭೀಮಕಾಯನನ್ನು ಎದುರಿಸಲು ಎದೆ ಗಟ್ಟಿ ಮಾಡಿಕೊಂಡು ಒಳಹೊಕ್ಕರೆ, ಮೂವತ್ತರ ಆಸುಪಾಸಿನ, ಮೆಲುದನಿಯ ಹೆಂಗಸೊಬ್ಬಳು ಎದ್ದು ಬಂದು ಕೈ ಕುಲುಕಿದಳು. ಅವಳೇ ಸಾರ್ಜೆಂಟ್. ಶೈಲಾ ಪಟ್ಟಿ ಬಿಚ್ಚಿದಳು. ಮೂರು ವರ್ಷ ಎಂದರೆ ಮೂರೇ ವರ್ಷವೇ? ಕವಾಯತು ಮೂರು ವರ್ಷ, ಆದರೆ ಆಮೇಲೆಯೂ ಐದು ವರ್ಷ ಹೆಸರು ಪಟ್ಟಿಯಲ್ಲಿರುತ್ತದೆ, ಅಗತ್ಯ ಬಿದ್ದರೆ ಕರೆಯಬಹುದು. ಪರೀಕ್ಷೆಯ ಸಮಯದಲ್ಲಿ ಕರೆದರೆ? ಹೋಗಬೇಕು, ಕಾಲೇಜು ಕಾಯುತ್ತದೆ. ದೂರದೇಶಕ್ಕೆ ಕಳಿಸಬಹುದೇ? ಕಳಿಸಬಹುದು. ಆಕೆ ಯಾವುದನ್ನೂ ಮರೆಮಾಚಲಿಲ್ಲ, ಯಾವುದಕ್ಕೂ ಸಕ್ಕರೆ ಹಚ್ಚಲಿಲ್ಲ. ಇಪ್ಪತ್ತೆರಡೂ ಮುಗಿದ ಮೇಲೆ ಅನಘಾಳ ಕಡೆ ತಿರುಗಿ, "ನನ್ನದು ಒಂದೇ ಪ್ರಶ್ನೆ. ನೀನು ಯಾಕೆ ಸೇರಬೇಕೆಂದಿದ್ದೀಯ?" ಎಂದು ಕೇಳಿದಳು.

ಅನಘಾ ತಲೆ ತಗ್ಗಿಸಿ ತನ್ನ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆದಳು. ಆಮೇಲೆ ಇಂಗ್ಲಿಷಿನಲ್ಲಿ, ತೀರ ಸಣ್ಣ ದನಿಯಲ್ಲಿ, "ನನ್ನ ಕಾಲೇಜಿಗೋಸ್ಕರ ನಮ್ಮ ಮನೆ ಮಾರ್ತಿದಾರೆ. ಅಪ್ಪ ಫೋನಿನಲ್ಲಿ ಯಾರಿಗೋ ಹೇಳ್ತಿದ್ರು. ಅಳ್ತಾ ಹೇಳ್ತಿದ್ರು" ಎಂದಳು.

ಶೈಲಾ ನಿಧಾನವಾಗಿ ನನ್ನತ್ತ ತಿರುಗಿದಳು. ಪಟ್ಟಿಯಲ್ಲಿಲ್ಲದ ಇಪ್ಪತ್ತಮೂರನೆಯ ಪ್ರಶ್ನೆ ಅವಳ ಮುಖದ ಮೇಲಿತ್ತು.

ಇಲ್ಲಿ ನಾನು ನಿಮ್ಮ ಮುಂದೆಯೂ ತಪ್ಪೊಪ್ಪಿಕೊಳ್ಳಬೇಕು. ಸ್ಕೋಕಿ ಎಂಬ ಹತ್ತಿರದ ಊರಿನಲ್ಲಿ ಬಸವರಾಜ ಎಂಬ ಹುಬ್ಬಳ್ಳಿಯ ಗೆಳೆಯನಿದ್ದಾನೆ. ಫೆಬ್ರವರಿಯಲ್ಲಿ ಅವನಿಗೆ ರೊಟ್ಟಿ ಖಾನಾವಳಿ ತೆರೆಯುವ ಹುಮ್ಮಸ್ಸು ಬಂದು, "ಲೇ ದೋಸ್ತ, ನೀನೂ ಒಂದು ಪಾಲು ಹಾಕಲೇ. ಜೋಳದ ರೊಟ್ಟಿಗೆ ಇಲ್ಲಿ ಮಂದಿ ಬಾಯಿ ಬಿಡಾಕತ್ತಾರ" ಎಂದು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ನನಗೆ ಆಗುವುದಿಲ್ಲ ಎಂದು ನೇರವಾಗಿ ಹೇಳಲು ಬರುವುದಿಲ್ಲ. ಹುಟ್ಟುಗುಣ. ಅದಕ್ಕೆ ಒಂದು ಸಂಜೆ ಮನೆಯ ಗರಾಜಿನಲ್ಲಿ ಕಾರಿನ ಪಕ್ಕ ನಿಂತು, "ಎಲ್ಲಿಂದ ತರಲೋ ಬಸ್ಯಾ, ಮಗಳ ಕಾಲೇಜಿಗೆ ಮನೆ ಮಾರೋ ಸ್ಥಿತಿ ಬಂದಿದೆ" ಎಂದುಬಿಟ್ಟೆ. ಅವನು ಅಯ್ಯೋ ಎಂದ. ಅವನ ಅಯ್ಯೋ ಕೇಳಿ ನನಗೇ ನನ್ನ ಮೇಲೆ ಮರುಕ ಹುಟ್ಟಿ ಎರಡು ಸಲ ಮೂಗೆಳೆದೆ. ಪಾಪ, ಅವನು ಮರುದಿನ ನಾಲ್ಕು ಡಜನ್ ಖಡಕ್ ರೊಟ್ಟಿ ಕಳಿಸಿ, "ಧೈರ್ಯಾ ಬಿಡಬ್ಯಾಡ" ಎಂದ. ಗರಾಜಿನ ಬಾಗಿಲಾಚೆ ಶೂ ಬಿಚ್ಚುತ್ತಾ ಮಗಳು ಕೂತಿದ್ದದ್ದು ನನಗೆ ಗೊತ್ತಿರಲಿಲ್ಲ.

ಇಷ್ಟನ್ನೂ ನಾನು ಅಮೆರಿಕದ ಸೈನ್ಯದ ಒಬ್ಬ ಸಾರ್ಜೆಂಟ್ ಎದುರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಖಡಕ್ ರೊಟ್ಟಿ ಎಂದರೇನೆಂದೂ ವಿವರಿಸಿದೆ. ಆಕೆ ನಗಲಿಲ್ಲ. ಕೆಮ್ಮು ಬಂದವಳಂತೆ ಒಂದು ನಿಮಿಷ ಗೋಡೆಯ ಕಡೆ ತಿರುಗಿ ನಿಂತಳು, ಅಷ್ಟೆ. ಆಮೇಲೆ ಅನಘಾಳ ಮುಂದಿದ್ದ ಕಾಗದಗಳನ್ನು ಜೋಡಿಸಿ ಪಕ್ಕಕ್ಕಿಟ್ಟು, "ಮನೆಗೆ ಹೋಗಿ ಮೂವರೂ ಕೂತು ಮಾತಾಡಿ. ಕಚೇರಿ ಎಲ್ಲಿಗೂ ಓಡಿಹೋಗುವುದಿಲ್ಲ. ಇದು ನಿನಗೇ ಬೇಕೆನಿಸಿದ ದಿನ ಬಾ" ಎಂದಳು. ಆ ಮಾತಿಗೆ ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ.

ಕಾರಿನಲ್ಲಿ ಅನಘಾ ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಬಯ್ಯುತ್ತಾಳೆಂದು ಕಾದೆ. ಅವಳು ಅಪರೂಪಕ್ಕೆ ಕನ್ನಡದಲ್ಲಿ ಮಾತಾಡಿದಳು. "ಅಪ್ಪ, ನಾನು ದಿನಾ ಸ್ಕೂಲಿಂದ ಬರುವಾಗ ಮನೆ ಮುಂದೆ ಫಾರ್ ಸೇಲ್ ಬೋರ್ಡ್ ಹಾಕಿದಾರಾ ಅಂತ ನೋಡ್ತಿದ್ದೆ."

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಆರು ವಾರ ಆ ಮಗು ಬಸ್ಸಿನಿಂದಿಳಿದು ತಿರುವು ದಾಟುವಾಗ ಉಸಿರು ಬಿಗಿಹಿಡಿದಿತ್ತು, ನಾನು ಅದೇ ಆರು ವಾರ ಬಸವರಾಜನ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದಿದ್ದೆ. "ತಪ್ಪಾಯ್ತು ಪುಟ್ಟಿ" ಎಂದೆ. ಶೈಲಾ ಹಿಂದಿನ ಸೀಟಿನಿಂದ ನಮ್ಮಿಬ್ಬರಿಗೂ ಟಿಶ್ಯೂ ದಾಟಿಸಿದಳು. ಆಮೇಲೆ ಅನಘಾ ಇದ್ದಕ್ಕಿದ್ದಂತೆ ನಗತೊಡಗಿದಳು. "ಯು ಟೋಲ್ಡ್ ದಿ ಆರ್ಮಿ ಅಬೌಟ್ ರೊಟ್ಟಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆರು ವಾರದಲ್ಲಿ ಅವಳು ಹಾಗೆ ನಕ್ಕಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ನಮ್ಮ ನಿಜಸ್ಥಿತಿಯನ್ನೆಲ್ಲ ಅವಳ ಮುಂದೆ ಹರಡಿದೆವು. ಕುಬೇರರಲ್ಲ, ಬೀದಿಗೂ ಬಿದ್ದಿಲ್ಲ. ದೂರದ ದೊಡ್ಡ ಹೆಸರಿನ ಕಾಲೇಜು ಭಾರವೇ. ಅವಳೇ ದಾರಿ ಹುಡುಕಿದಳು: ಎರಡು ವರ್ಷ ಮನೆಯಿಂದಲೇ ಹತ್ತಿರದ ಕಡಿಮೆ ಶುಲ್ಕದ ಕಮ್ಯುನಿಟಿ ಕಾಲೇಜು, ಆಮೇಲೆ ರಾಜ್ಯದ ವಿಶ್ವವಿದ್ಯಾಲಯ. "ಇಪ್ಪತ್ತಾದ್ಮೇಲೆ ನಿಜವಾಗ್ಲೂ ಬೇಕು ಅನ್ನಿಸಿದ್ರೆ ನಾನೇ ಸೈನ್ ಮಾಡ್ತೀನಿ" ಎಂದೂ ಸೇರಿಸಿದಳು. ಅದಕ್ಕೆ ನಾವು ತಲೆಯಾಡಿಸಿದೆವು. ಅದು ನ್ಯಾಯವೇ. ಶೈಲಾ ನನಗೆ ವಿಧಿಸಿದ ಶಿಕ್ಷೆ ಒಂದೇ, ಸ್ಪೀಕರ್ ಹಾಕಿ ಬಸವರಾಜನಿಗೆ ಸತ್ಯ ಹೇಳುವುದು. ಹೇಳಿದೆ. ಅವನು, "ಹಂಗಾರ ನಾಕು ಡಜನ್ ರೊಟ್ಟಿ ವಾಪಸ್ ಕೊಡಪಾ" ಎಂದ.

ಮುಂದಿನ ವಾರ ಸಾರ್ಜೆಂಟ್ ಫೋನು ಮಾಡಿದಳು. ಅನಘಾಳ ತೀರ್ಮಾನ ತಿಳಿಸಿದೆ. ಮನಸಾರೆ ಶುಭ ಹಾರೈಸಿದಳು. ಎದೆಯ ಭಾರವೆಲ್ಲ ಇಳಿದು ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಮಾತು ಮುಗಿಸಲು ಮನಸ್ಸಾಗದೆ, "ನನ್ನಂಥವರಿಗೆ ಏನಾದರೂ ಇದೆಯೇ? ಲಾರಿ ವೇಳಾಪಟ್ಟಿ ಗೊತ್ತು. ತಿಂಗಳಿಗೆರಡು ದಿನ ಬರಬಲ್ಲೆ" ಎಂದೆ. ವಯಸ್ಸು ಕೇಳಿದಳು. ಐವತ್ತೆರಡು ಎಂದೆ. "ತುಂಬ ಸಂತೋಷ ಸರ್. ಆದರೆ ಸ್ವಲ್ಪ ತಡವಾಯಿತು" ಎಂದಳು. ಎಷ್ಟು ತಡ ಎಂದೆ. "ಸಾಕಷ್ಟು, ಸರ್" ಎಂದು ಮತ್ತೆ ಕೆಮ್ಮಿದಳು.

ಮಗಳನ್ನು ಸೈನ್ಯ ತೆಗೆದುಕೊಳ್ಳದಿರಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತವನು ನಾನು. ನನ್ನನ್ನು ತೆಗೆದುಕೊಳ್ಳಲಿಲ್ಲವಲ್ಲ ಎಂದು ಆ ಸಂಜೆಯೆಲ್ಲ ಮುಖ ಊದಿಸಿಕೊಂಡು ಕೂತಿದ್ದೆ.