ಹತ್ತುವುದನ್ನಷ್ಟೇ ಕಲಿತವರು

ಸಪಾಟು ಊರಿನಲ್ಲಿ ಬಹಳ ಕಾಲ ಇದ್ದವರಿಗೆ ಎತ್ತರದ ಹುಚ್ಚು ಹಿಡಿಯುತ್ತದೆ ಎಂದು ನನಗೆ ಅನುಮಾನ. ದೋಹಾದಲ್ಲಿ ನಾವು ಹತ್ತಿದ ದೊಡ್ಡ ದಿಬ್ಬವೆಂದರೆ ಫ್ಲೈಓವರ್. ಅದನ್ನೂ ಕಾರಿನಲ್ಲಿ ಹತ್ತಿದ್ದು. ಹಾಗಾಗಿ ನಮ್ಮ ಆಫೀಸಿನ ಫೆಲಿಕ್ಸ್, "ಶೆಟ್ರೇ, ಈ ಸಲ ರಜೆಗೆ ಊರು ಬೇಡ, ಆಲ್ಪ್ಸ್ ಹತ್ತುವ" ಎಂದಾಗ ಯಾಕೆಂದು ನಾನು ಕೇಳಲಿಲ್ಲ. ಹೊರಗೆ ನಡೆಯುವ ಬಿಸಿಲಲ್ಲ. ಅಭ್ಯಾಸಕ್ಕೆಂದು ದೋಹಾದ ಬಿನ್ ಒಮ್ರಾನ್‌ನ ಅವರ ಕಟ್ಟಡದ ಮೆಟ್ಟಿಲುಗಳನ್ನೇ ಬೆನ್ನಿಗೆ ಅಕ್ಕಿಚೀಲ ಕಟ್ಟಿಕೊಂಡು ಹತ್ತುತ್ತಿದ್ದೆವು. ಮೇಲೆ ಮುಟ್ಟಿದ ಮೇಲೆ ಲಿಫ್ಟಿನಲ್ಲಿ ಇಳಿದು ಮತ್ತೆ ಹತ್ತುವುದು.

"ಇಳಿಯುವುದಕ್ಕೂ ಅಭ್ಯಾಸ ಬೇಡವಾ ಪೊರ್ಬುಗಳೇ?" ಎಂದು ಒಮ್ಮೆ ಕೇಳಿದೆ. ಕ್ರಿಶ್ಚಿಯನ್ನರನ್ನು ನಮ್ಮೂರ ಕಡೆ ಹಾಗೆ ಕರೆಯುವುದು.

"ಇಳಿಯಲಿಕ್ಕೆ ಎಂತ ಅಭ್ಯಾಸ ಮಾರಾಯ್ರೆ? ಲಿಫ್ಟ್ ಉಂಟಲ್ಲ!"

ಹೊರಡುವ ದಿನ ಅವರ ಹೆಂಡತಿ ಐರಿನ್ ಮಾತ್ರ ನನ್ನನ್ನು ಬದಿಗೆ ಕರೆದು, "ಇವರನ್ನು ನಿಮ್ಮ ಕೈಗೆ ಕೊಡ್ತಾ ಇದ್ದೇನೆ. ಹೀಗೇ ವಾಪಸು ತನ್ನಿ" ಎಂದರು.

ಶಿಖರವನ್ನು ನಾವು ಚೆನ್ನಾಗಿಯೇ ಹತ್ತಿದೆವು. ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಇಳಿಯುವಾಗ ಫೆಲಿಕ್ಸ್ ಮುಂದೆ, ನಾನು ನಡುವೆ, ನಾವು ಗೊತ್ತುಮಾಡಿಕೊಂಡಿದ್ದ ಅಲ್ಲಿನ ಮಾರ್ಗದರ್ಶಿ ಹಿಂದೆ. ಮೂವರೂ ಒಂದೇ ಹಗ್ಗದಲ್ಲಿ. ಇಬ್ಬರ ಮೊಣಕಾಲುಗಳೂ ನಡುಗುತ್ತಿದ್ದವು. ಗಟ್ಟಿ ಹಿಮದ ಇಳಿಜಾರಿನಲ್ಲಿ ಫೆಲಿಕ್ಸ್‌ರ ಬಲಗಾಲು ಮಡಚಿಕೊಂಡಿತು. ಅಂಗಾತ ಬಿದ್ದು, ತಿರುಗಿ, ಮುಖ ನನ್ನ ಕಡೆಗಾಗಿ ಜಾರಿದರು. ಹಗ್ಗ ಬಿಗಿಯಿತು, ನಾನೂ ಬಿದ್ದು ಅವರ ಹಿಂದೆಯೇ ಜಾರಿದೆ. ಅವರ ಕೆಳಗೆ ಹಿಮ ಕೊನೆಯಾಗುವ ಅಂಚು ಕಾಣುತ್ತಿತ್ತು, ಅದರಾಚೆ ಏನೂ ಕಾಣುತ್ತಿರಲಿಲ್ಲ. ಐರಿನ್‌ಗೆ ಏನು ಹೇಳಲಿ ಎಂದು ಯೋಚಿಸಿದ್ದು ನೆನಪಿದೆ. ಆಮೇಲೆ ಸೊಂಟಕ್ಕೆ ಒಂದು ಜಗ್ಗು. ನಿಂತೆವು. ಮೇಲೆ ಮಾರ್ಗದರ್ಶಿ ಹಿಮಕ್ಕೆ ಕೊಡಲಿ ಊರಿ, ಅದರ ಮೇಲೆ ಎದೆಯಿಟ್ಟು ಮಲಗಿದ್ದ.

ಅಲ್ಲಿಂದ ನಾವು ಇಳಿದದ್ದು ಬಹುಪಾಲು ಕುಳಿತುಕೊಂಡು.

ದೋಹಾಕ್ಕೆ ಬಂದ ವಾರ ಐರಿನ್ ಊಟಕ್ಕೆ ಕರೆದರು. "ನಾನು ಖಲಾಸ್ ಆಗ್ತಿದ್ದೆ," ಎಂದರು ಫೆಲಿಕ್ಸ್. "ತಲೆಯೆತ್ತಿ ನೋಡ್ತೇನೆ, ಹಗ್ಗದ ಆ ತುದಿಯಲ್ಲಿ ಶೆಟ್ರು! ಹಿಡಿದೇಬಿಟ್ರು." ಅವರ ಕಣ್ಣು ಒದ್ದೆಯಾಗಿತ್ತು. ಐರಿನ್ ಸೆರಗಿನಿಂದ ಮುಖ ಒರೆಸಿಕೊಂಡು ಅಂಜಲ್ ಮೀನಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

"ನಾನು ಹಿಡಿಯಲಿಲ್ಲ. ನಾನೂ ಬಿದ್ದಿದ್ದೆ. ಹಿಡಿದದ್ದು ಆ ಮಾರ್ಗದರ್ಶಿ," ಎಂದೆ.

"ನಿಮ್ಮದು ದೊಡ್ಡ ಮನಸ್ಸು ಶೆಟ್ರೇ," ಎಂದು ಐರಿನ್ ಇನ್ನೊಂದು ತುಂಡು ಹಾಕಿದರು.

ಅದನ್ನು ತಿಂದು, ನಡೆದದ್ದನ್ನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಮತ್ತೊಂದು ತುಂಡು ಬಂತು. ಮತ್ತೆ ನಿಜ ಹೇಳಲು ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ.