ಕೈ ಗುರುತು ಹಿಡಿಯುವ ಮೌಸು

ನನಗೆ ಯಾವ ವಸ್ತುವನ್ನೂ ಪರೀಕ್ಷೆ ಮಾಡಿ ಕೊಳ್ಳಲು ಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಡೆಯ ಗಂಡಸು ಮೀನು ಪೇಟೆಗೆ ಹೋದರೆ ಬಂಗುಡೆಯ ಕಿವಿರು ಎತ್ತಿ ನೋಡಬೇಕು, ಹೊಟ್ಟೆ ಒತ್ತಿ ನೋಡಬೇಕು, ಮುಖ ಸಿಂಡರಿಸಿ ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ವಾಪಸು ಬರಬೇಕು. ನಾನೂ ಇದನ್ನೆಲ್ಲ ತಪ್ಪದೆ ಮಾಡುತ್ತೇನೆ. ಕಿವಿರು ಎತ್ತಿದಾಗ ಅಲ್ಲಿ ಏನು ಕಾಣಬೇಕು ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಹೆಂಡತಿಯನ್ನೇ ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ ವರ್ಷ ನೀವ್ ತಂದದ್ದ್ ನಾನ್ ಬೇಯ್ಸಿ ಹಾಕಿದ್ನಲೆ" ಎಂದು ತಲೆ ಚಚ್ಚಿಕೊಂಡಳು. ಅಂದಿನಿಂದ ನಮ್ಮ ಮನೆಗೆ ಮೀನು ತರುವವಳು ಅವಳೇ.

ಇಂಥ ನಾನು ಒಂದು ಗೇಮಿಂಗ್ ಮೌಸನ್ನು ಪರೀಕ್ಷೆ ಮಾಡಿದ ಕತೆ ಇದು. ಸಾಲಿಗ್ರಾಮದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ತೊಂಬತ್ತೇಳರಲ್ಲಿ ಅದನ್ನು ತೆರೆದಾಗ ಮದುವೆ ಕಾಗದಗಳನ್ನು ಮಾಡಿ ಊರಿಗೆಲ್ಲ ಮಂಗಳ ಹಂಚುತ್ತೇನೆ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಮದುವೆಗೆ ಆರು ತಿಂಗಳ ಸಮಯ ಇರುತ್ತದೆ, ಜನ ಕುಂದಾಪುರಕ್ಕೋ ಉಡುಪಿಗೋ ಹೋಗಿ ಹತ್ತು ಕಡೆ ನೋಡುತ್ತಾರೆ. ಸಾವಿಗೆ ಹತ್ತಿರದ ಅಂಗಡಿಯೇ ಆಗಬೇಕು. ಹೀಗೆ ನಾನು ಉತ್ತರಕ್ರಿಯೆಯ ಕಾಗದದ ಪರಿಣತನಾದೆ. ಹೊಳೆಯಾಚೆ ಯಾರಾದರೂ ಕೆಮ್ಮಿದರೆ ನನ್ನ ಮುಖ ನೆನಪಾಗುತ್ತದೆ ಎಂದು ಹೋಟೆಲಿನಲ್ಲಿ ತಮಾಷೆ ಮಾಡುವವರಿದ್ದಾರೆ. ನಾನೂ ಅವರೊಡನೆ ನಗುತ್ತೇನೆ, ಅವರ ಕಾಗದವೂ ಒಂದು ದಿನ ನನ್ನ ಬಳಿಗೇ ಬರುತ್ತದಲ್ಲ.

ಆ ಹೊತ್ತಿಗೆ ನನ್ನ ಹಳೆಯ ಮೌಸಿಗೆ ಒಂದು ರೋಗ ಹಿಡಿದಿತ್ತು. ಒಂದು ಸಲ ಒತ್ತಿದರೆ ಅದು ಎರಡು ಸಲ ಎಂದು ತಿಳಿಯುತ್ತಿತ್ತು. ಅದರ ದೆಸೆಯಿಂದ ಕೋಟದ ಕಡೆಯ ಒಬ್ಬ ಅಜ್ಜಿ ಒಂದೇ ಕಾಗದದಲ್ಲಿ ಎರಡು ಸಲ ದೈವಾಧೀನರಾದರು. ಅಜ್ಜಿಯ ಮಗ ಕಾಗದವನ್ನು ಹಿಡಿದುಕೊಂಡು ಬಂದು, "ಹ್ವಾಯ್, ನಮ್ಗೆ ಒಂದ್ಸಲದ್ದೇ ತಡ್ಕಂಬುಕೆ ಆತಿಲ್ಲೆ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಅಳುತ್ತಿದ್ದ. ಅಷ್ಟೂ ಕಾಗದವನ್ನು ನಾನು ಮತ್ತೆ ಮಾಡಿಕೊಟ್ಟೆ.

ಆದರೆ ಹೊಸ ಮೌಸಿಗೆ ನಾನು ಹೊರಟದ್ದು ಅಜ್ಜಿಗೋಸ್ಕರ ಮಾತ್ರ ಅಲ್ಲ, ಅಣ್ಣಯ್ಯನಿಗೋಸ್ಕರ. ನನ್ನ ಅಣ್ಣಯ್ಯ ಹಂಗಾರಕಟ್ಟೆಯಲ್ಲಿ ಮರದ ದೋಣಿ ಕಟ್ಟುವವನು. ಕಟ್ಟುತ್ತಿದ್ದವನು ಎನ್ನಬೇಕು. ಹಿಂದಿನ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಶ್ಶು ಬಿತ್ತು, ಹೆಕ್ಕಲು ಬಗ್ಗಿದವನು ಏಳಲಿಲ್ಲ. ಪಾರ್ಶ್ವವಾಯು. ಮಾತು ತಿಂಗಳೊಳಗೆ ಬಂತು, ಕಾಲು ಎಳೆದುಕೊಂಡಾದರೂ ಬಂತು, ಬಲಗೈ ಬರಲಿಲ್ಲ. ಬೆರಳುಗಳಿಗೆ ಕೆಲಸ ಕೊಡುತ್ತಿರಬೇಕು ಎಂದು ಡಾಕ್ಟರು ಒಂದು ಮೆತ್ತನೆಯ ಚೆಂಡು ಕೊಟ್ಟರು. "ನಾನೆಂತ ತೊಟ್ಟಿಲ ಶಿಶುವಾ, ಚೆಂಡ್ ಹಿಡ್ಕಂಡ್ ಕೂಕಂಬುಕೆ?" ಎಂದು ಅಣ್ಣಯ್ಯ ಅದನ್ನು ಎಡಗೈಯಲ್ಲಿ ಅಂಗಳಕ್ಕೆ ಎಸೆದ. ನೆರೆಮನೆಯ ನಾಯಿಗೆ ಒಳ್ಳೆಯ ವ್ಯಾಯಾಮವಾಯಿತು.

ಮನೆಯಲ್ಲಿ ಕುಳಿತರೆ ಅತ್ತಿಗೆಯ ಜೊತೆ ಜಗಳ. ಅದಕ್ಕೇ ಹನ್ನೊಂದರ ಬಸ್ಸಿಗೆ ನನ್ನ ಅಂಗಡಿಗೆ ಬರತೊಡಗಿದ. ನಾನು ಕಂಪ್ಯೂಟರಿನಲ್ಲಿ ಇಟ್ಟಿಗೆ ಒಡೆಯುವ ಒಂದು ಆಟ ಹಾಕಿ ಕೊಟ್ಟೆ. ಮೌಸನ್ನು ಅತ್ತಿತ್ತ ದೂಡಿದರೆ ಕೆಳಗಿನ ಹಲಗೆ ಸರಿಯುತ್ತದೆ, ಅದರಿಂದ ಚಿಮ್ಮಿದ ಗುಂಡು ಮೇಲಿನ ಇಟ್ಟಿಗೆಗಳನ್ನು ಒಡೆಯುತ್ತದೆ. ಹಲಗೆ ಎಂದ ಕೂಡಲೇ ಅವನಿಗೆ ಆಸಕ್ತಿ ಹುಟ್ಟಿತು. ಆದರೆ ನಾನು ತಲೆ ಆಚೆ ತಿರುಗಿಸಿದರೆ ಸಾಕು, ಮೌಸು ಎಡಗೈಗೆ ಬಂದಿರುತ್ತಿತ್ತು. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು.

ಕುಂದಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕೌಂಟರಿನ ಹೆಣ್ಣುಮಗಳು, "ಗೇಮಿಗಾ ಸರ್, ಆಫೀಸಿಗಾ?" ಎಂದು ಕೇಳಿದಳು. ಅರ್ಧ ಸಾವಿನ ಕಾಗದಕ್ಕೆ, ಅರ್ಧ ಆಟಕ್ಕೆ ಎಂದೆ. ಅವಳು ಎಂಥೆಂಥ ಗಿರಾಕಿಗಳನ್ನು ಕಂಡಿದ್ದಳೋ, "ಎರಡ್ಕೂ ಆತ್ತ್ ಸರ್" ಎಂದು ಒಂದು ಪೆಟ್ಟಿಗೆ ಇಟ್ಟಳು. ಮಾಮೂಲಿ ಮೌಸಿಗಿಂತ ತುಸು ಹೆಚ್ಚು, ದೊಡ್ಡ ಕಂಪೆನಿಯದ್ದಕ್ಕಿಂತ ಬಹಳ ಕಡಿಮೆ. ನಾನು ಅಭ್ಯಾಸಬಲದಿಂದ ಹೊಟ್ಟೆ ಒತ್ತಿ ನೋಡಿದೆ, ತಿರುಗಿಸಿ ಅಡಿ ನೋಡಿದೆ, ಮುಖ ಸಿಂಡರಿಸಿದೆ. ವಯರಿಗೆ ಬಟ್ಟೆಯ ಹೆಣಿಗೆ ಇತ್ತು. ಹೆಬ್ಬೆರಳ ಕಡೆ ಎರಡು ಗುಂಡಿ. ಬೆನ್ನು ಒಂದು ಬದಿಗೆ ವಾಲಿಕೊಂಡಿದ್ದರಿಂದ ಬಲಗೈಗೆ ಮಾತ್ರ ಕೂರುತ್ತಿತ್ತು. ಎಡಗೈಯಲ್ಲಿ ಹಿಡಿದರೆ ಚಪ್ಪಲಿ ಅದಲು ಬದಲಾದ ಹಾಗೆ. "ಎಡಗೈಯವ್ರಿಗೆ ಇದ್ ಆಪುದಿಲ್ಲೆ ಸರ್, ಅದೊಂದ್ ಡಿಫೆಕ್ಟ್" ಎಂದು ಅವಳು ಪ್ರಾಮಾಣಿಕವಾಗಿ ಹೇಳಿದಳು. ಆ ಡಿಫೆಕ್ಟಿಗಾಗಿಯೇ ನಾನು ಅದನ್ನು ಕೊಂಡೆ.

ಕೆಲಸಕ್ಕೆ ಹೇಗಿತ್ತೆಂದರೆ, ಚೆನ್ನಾಗಿಯೇ ಇತ್ತು. ಒತ್ತಿದಷ್ಟೇ ಸಲ ಒತ್ತುತ್ತಿತ್ತು, ಸತ್ತವರು ಒಂದೇ ಸಲ ಸಾಯುತ್ತಿದ್ದರು. ದೋಷವೆಂದರೆ ದೀಪ. ಅದರ ಹೊಟ್ಟೆಯೊಳಗೆ ಒಂದು ಬಣ್ಣದ ದೀಪ ಸದಾ ಉರಿಯುತ್ತಿತ್ತು. ಯಾರೋ ಅಪ್ಪನನ್ನು ಸುಟ್ಟು ಬಂದು, ನನ್ನ ಬೆನ್ನ ಹಿಂದೆ ಸಾಲಾಗಿ ಕುಳಿತು, ದುಃಖತಪ್ತರ ಪಟ್ಟಿಯಲ್ಲಿ ಮುಂಬೈಯ ಅಳಿಯ ಮೊದಲೋ ಊರಿನ ಅಳಿಯ ಮೊದಲೋ ಎಂದು ದನಿ ತಗ್ಗಿಸಿ ಜಗಳ ಮಾಡುತ್ತಿರುವಾಗ ನನ್ನ ಅಂಗೈ ಕೆಳಗಿಂದ ಮದುವೆಮನೆಯ ಹಾಗೆ ಬೆಳಕು ಬರುತ್ತಿತ್ತು. ಒಬ್ಬ ಹೆಂಗಸಂತೂ, "ಅದ್ನೊಂದ್ ನಂದ್ಸಿನಿ" ಎಂದು ಕೇಳಿಯೇ ಬಿಟ್ಟರು. ನಂದಿಸಲು ಬರುತ್ತಿರಲಿಲ್ಲ. ಅವರ ಕಾಗದ ಮುಗಿಯುವ ತನಕ ಮೌಸಿನ ಮೇಲೆ ಕರ್ಚೀಫು ಹೊದೆಸಿ ಕೆಲಸ ಮಾಡಿದೆ. ಅದೂ ಶವದ ಹಾಗೇ ಕಾಣುತ್ತಿತ್ತು.

ಆ ದೀಪದ್ದೇ ಇನ್ನೊಂದು ಸಂಗತಿ. ಮೌಸಿನ ಚಕ್ರದ ಹಿಂದೆ ಒಂದು ಸಣ್ಣ ಗುಂಡಿಯಿತ್ತು. ಅದನ್ನೊಮ್ಮೆ ಒತ್ತಿದರೆ ಪರದೆಯ ಮೇಲಿನ ಬಾಣದ ವೇಗ ಒಂದು ಮೆಟ್ಟಿಲು ಹೆಚ್ಚುತ್ತಿತ್ತು, ದೀಪದ ಬಣ್ಣವೂ ಬದಲಾಗುತ್ತಿತ್ತು. ಕೆಂಪು ಎಲ್ಲಕ್ಕಿಂತ ನಿಧಾನ, ಆಮೇಲೆ ಹಸಿರು, ನೀಲಿ, ಕೊನೆಗೆ ನೇರಳೆ. ಕೆಂಪಿನಲ್ಲಿ ಮೌಸನ್ನು ಒಂದು ಗೇಣು ದೂಡಿದರೆ ಎಷ್ಟು ಹೋಗುತ್ತದೋ, ನೇರಳೆಯಲ್ಲಿ ಎರಡು ಬೆರಳಿನಷ್ಟು ದೂಡಿದರೆ ಅಷ್ಟು ಹೋಗುತ್ತದೆ. ಅಕ್ಷರ ಕೂರಿಸುವ ನನಗೆ ಕೆಂಪೇ ಬೇಕು.

ಅಣ್ಣಯ್ಯನಿಗೂ ಮೊದಲು ಕೆಂಪಿನಲ್ಲೇ ಕೊಟ್ಟೆ. ಅವನು ಮೌಸನ್ನು ಎತ್ತಿ, ಮೂಗಿನ ನೇರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಬೆನ್ನಿನ ವಾಲು ನೋಡಿದ. "ಇದ್ಕೆ ಬಲಗೈಯೇ ಆಯ್ಕಲೆ ಮಾಣಿ" ಎಂದ. ಐವತ್ತು ದಾಟಿದ ಮೇಲೂ ನಾನು ಅವನಿಗೆ ಮಾಣಿ, ಸಣ್ಣ ಹುಡುಗ. ಎಡಗೈಯಿಂದ ಬಲಗೈಯನ್ನು ಎತ್ತಿ ಮೌಸಿನ ಮೇಲಿಟ್ಟ. ಮೂರು ದಿನ ದೂಡಿದ. ಹಲಗೆ ಮಧ್ಯದಿಂದ ಸ್ವಲ್ಪ ಸರಿದು ನಿಲ್ಲುತ್ತಿತ್ತು, ಗುಂಡು ಮೂಲೆಯಿಂದ ಜಾರಿ ಹೋಗುತ್ತಿತ್ತು. ಮೂರನೆಯ ದಿನ ಅವನ ಹಣೆಯಿಂದ ಬೆವರು ಮೇಜಿನ ಮೇಲೆ ಬೀಳುವುದನ್ನು ನಾನು ನೋಡಿದೆ. ಅವನು ಚಾ ಕುಡಿಯಲು ಹೊರಗೆ ಹೋದಾಗ ಗುಂಡಿಯನ್ನು ಒಂದು ಸಲ ಒತ್ತಿದೆ.

"ಇದೆಂತಕ್ಕೆ ಹಸಿರಾಯ್ತ್?" ಎಂದ ಬಂದವನೇ.

ಆಗ ನಿಜ ಹೇಳಬಹುದಿತ್ತು. "ಕೈಗೆ ಬಲ ಬಂದ ಹಾಂಗೆ ಬಣ್ಣ ಬದ್ಲ್ ಆತ್ತ್ ಅಣ್ಣಯ್ಯ. ಅದ್ಕೆ ಕೈ ಗುರ್ತ್ ಸಿಕ್ಕತ್ತ್" ಎಂದೆ.

ಬೇರೆ ಯಾರೇ ಆಗಿದ್ದರೂ ಮುಖಕ್ಕೆ ಉಗಿಯುತ್ತಿದ್ದರು. ಅಣ್ಣಯ್ಯ ನಂಬಿದ. ದೋಣಿ ಕೆಲಸದವರಲ್ಲಿ ಒಬ್ಬನ ಬಾಚಿಯನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಮರ ಕೆತ್ತುವ ಆ ಬಾಚಿಗೆ ಅವರವರೇ ತಮ್ಮ ಬೆರಳಿಗೆ ಸರಿಯಾಗಿ ಹಿಡಿ ಮಾಡಿಕೊಳ್ಳುತ್ತಾರೆ, ಅದು ಯಜಮಾನನ ಕೈಯ ಗುರುತು ಹಿಡಿಯುತ್ತದೆ ಎಂದು ಅವನ ನಂಬಿಕೆ. ಸಣ್ಣವನಿದ್ದಾಗ ನಾನು ಒಮ್ಮೆ ಅವನ ಬಾಚಿ ಎತ್ತಿದ್ದಕ್ಕೆ ಬಿದ್ದ ಪೆಟ್ಟಿನಿಂದಲೇ ನಾನು ಟೈಪಿಂಗ್ ಕಲಿಯಲು ಹೋದದ್ದು. ಅಂಥವನಿಗೆ ಮೌಸೊಂದು ಕೈ ಗುರುತು ಹಿಡಿಯುವುದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಒಳ್ಳೆ ಮೇಸ್ತ್ರಿ ಮಾಡದ್ದ್ ಆಯ್ಕ್ ಇದ್ನ" ಎಂದಷ್ಟೇ ಹೇಳಿ ಆಟಕ್ಕೆ ಕುಳಿತ. ಆ ದಿನ ಮೊದಲ ಸಲ ಒಂದು ಸಾಲು ಇಟ್ಟಿಗೆ ಒಡೆದ.

ಮಳೆಗಾಲ ಶುರುವಾಗುವಾಗ ನೀಲಿ ಮಾಡಿದೆ. ಅವನು ಬರುವ ಮೊದಲು ಒತ್ತಿಡುತ್ತಿದ್ದೆ, ಹೋದ ಮೇಲೆ ಕೆಂಪಿಗೆ ತರುತ್ತಿದ್ದೆ. ಒಂದು ದಿನ ನಾನು ಕೆಲಸ ಮಾಡುತ್ತಿರುವಾಗಲೇ ಬಂದವನು ದೀಪವನ್ನು ನೋಡಿ ಮರುಕಪಟ್ಟ. "ನಿಂದ್ ಇನ್ನೂ ಕೆಂಪಲ್ಲೇ ಇತ್ತಲೆ ಮಾಣಿ! ಮೊಟ್ಟೆ ತಿನ್, ಹಾಲ್ ಕುಡಿ." ಮರುದಿನ ಅತ್ತಿಗೆಯ ಕೈಯಲ್ಲಿ ಊರಕೋಳಿಯ ಆರು ಮೊಟ್ಟೆ ಕಟ್ಟಿಸಿಕೊಂಡು ಬಂದ. ಅತ್ತಿಗೆ ಫೋನಿನಲ್ಲಿ, "ನಿಮ್ ಮೌಸಿಂದ ಈ ಜನ ಮನ್ಷ್ಯ ಆಯ್ತ್ ಕಾಣಿ, ಈಗ ಉಂಬು ಹೊತ್ತಿಗೆ ಬೈತಿಲ್ಲೆ" ಎಂದರು. ನಾನು ಮೊಟ್ಟೆಗಳನ್ನು ತಿಂದೆ. ರುಚಿಯಾಗಿಯೇ ಇದ್ದವು. ಆಗ ನನಗೆ ನಾಚಿಕೆಯಾಗಲಿಲ್ಲ, ದೊಡ್ಡ ಉಪಕಾರ ಮಾಡಿದವನ ಹಮ್ಮೇ ಇತ್ತು.

ನವರಾತ್ರಿಯ ಹೊತ್ತಿಗೆ ನೇರಳೆ. ಅಣ್ಣಯ್ಯ ಇಟ್ಟಿಗೆಯ ಗೋಡೆಯನ್ನು ಪೂರ್ತಿ ಒಡೆದು ಹಾಕಿ, ಕುರ್ಚಿಗೆ ಒರಗಿ, ನೇರಳೆ ಬೆಳಕಿನಲ್ಲಿ ತನ್ನ ಬೆರಳುಗಳನ್ನು ಬಹಳ ಹೊತ್ತು ನೋಡಿದ. ಇನ್ನು ಮೇಲೆ ಯಾವ ಬಣ್ಣ ಎಂದು ಕೇಳಿದ. ಇನ್ನಿಲ್ಲ, ಇದೇ ಕೊನೆ ಎಂದೆ. "ಹಂಗಾರೆ ಪೂರಾ ಬಂತಾ?" ಎಂದ. ನಾನು ಪ್ರಿಂಟರಿಗೆ ಕಾಗದ ತುಂಬಿಸುತ್ತಾ ಹೂಂ ಎಂದೆ.

ಮರುದಿನ ಹನ್ನೊಂದರ ಬಸ್ಸಿಗೆ ಅವನು ಬರಲಿಲ್ಲ. ಅತ್ತಿಗೆಗೂ ಹೇಳದೆ ಗೋಣಿಯಲ್ಲಿ ಸುತ್ತಿಟ್ಟ ಬಾಚಿ ತೆಗೆದುಕೊಂಡು ದೋಣಿ ಕಟ್ಟುವ ಚಪ್ಪರಕ್ಕೆ ಹೋಗಿದ್ದ. ಅಲ್ಲಿದ್ದವರು ಬೇಡ ಎಂದರಂತೆ. ಕೈ ಪೂರಾ ಬಂದಿದೆ, ತಮ್ಮ ಪರೀಕ್ಷೆ ಮಾಡಿಸಿದ್ದಾನೆ ಎಂದನಂತೆ. ಎಡಗೈಯ ಆಸರೆಯಲ್ಲಿ ಎತ್ತಿದ ಬಾಚಿ ತಲೆಯ ಮಟ್ಟಕ್ಕೆ ಹೋಯಿತು. ಇಳಿಸುವಾಗ ಬಲಗೈ ಹಿಡಿಯಲಿಲ್ಲ. ಅದು ಮರ ಬಿಟ್ಟು ಎಡಗಾಲಿಗೆ ಬಿತ್ತು. ಬ್ರಹ್ಮಾವರದ ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು.

ನಾನು ಹೋದಾಗ ಅವನು ಕಾಲು ಎತ್ತರಿಸಿ ಮಲಗಿದ್ದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನ್ನ ಎದೆ ಸ್ವಲ್ಪ ಹಗುರವಾಗುತ್ತಿತ್ತು. "ಬಾಚಿಗೆ ನನ್ ಗುರ್ತ್ ಸಿಕ್ಲಿಲ್ಲೆ ಮಾಣಿ" ಎಂದ. "ಮೌಸಿಗೆ ಸಿಕ್ಕಿತ್, ಅದ್ಕೆ ಸಿಕ್ಲಿಲ್ಲೆ. ನಲ್ವತ್ತ್ ವರ್ಷದ ಬಾಚಿ." ಅತ್ತಿಗೆ ಬಾಗಿಲಿಗೆ ಬೆನ್ನು ಹಾಕಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಆ ವಾರ ಯಾರದೋ ಕಾಗದದಲ್ಲಿ ಸತ್ತವರ ಜಾಗದಲ್ಲಿ ಅಣ್ಣಯ್ಯನ ಹೆಸರು ಟೈಪು ಮಾಡಿ, ಕಂಡ ಕೂಡಲೇ ಅಳಿಸಿದೆ. ಅವನು ಮನೆಗೆ ಬಂದ ಮೇಲೆ ಒಂದು ಭಾನುವಾರ ಹಂಗಾರಕಟ್ಟೆಗೆ ಹೋದೆ. ಅತ್ತಿಗೆ ಬಾವಿಕಟ್ಟೆಯಲ್ಲಿದ್ದರು. ಜಗಲಿಯಲ್ಲಿ ಅವನ ಪಕ್ಕ ಕುಳಿತು ಹೇಳಿದೆ. ಮೌಸಿಗೆ ಯಾರ ಗುರುತೂ ಸಿಗುವುದಿಲ್ಲ, ಅಲ್ಲೊಂದು ಗುಂಡಿ ಇದೆ, ಒತ್ತಿದರೆ ಬಣ್ಣ ಬದಲಾಗುತ್ತದೆ, ಒತ್ತಿದವನು ನಾನು ಎಂದೆ.

ಅವನು ಹೊಳೆಯ ಕಡೆ ನೋಡಿದ. ಒಂದು ದೋಣಿ ಹಾದುಹೋಯಿತು. ಕೊನೆಗೆ, ಹಲಗೆಯ ಅಳತೆ ಕೇಳುವ ದನಿಯಲ್ಲೇ, "ಎಷ್ಟ್ ಸಲ ಒತ್ತಿದೆ?" ಎಂದ.

ಬಣ್ಣದ ಲೆಕ್ಕಕ್ಕೆ ಮೂರು ಸಲ. ಹಸಿರೂ ನನ್ನದೇ, ನೀಲಿಯೂ ನನ್ನದೇ, ನೇರಳೆಯೂ ನನ್ನದೇ. ಅವನದ್ದು ಕೆಂಪು ಮಾತ್ರ, ಅವನ ಕೈ ಮೊದಲ ದಿನ ಇದ್ದಲ್ಲೇ ಇತ್ತು. ಹೇಳಲೆಂದೇ ಬಸ್ಸು ಹತ್ತಿ ಬಂದವನು ನಾನು, ಬಾಯಿ ತೆರೆದೆ. "ಒಂದೇ ಸಲ" ಎಂದೆ.

"ಕಡೇದಾ? ನೇರಳೆದಾ?"

"ಹ್ಞಾಂ."

ಅವನ ಮುಖದಲ್ಲಿ ಏನೋ ಸಡಿಲವಾಯಿತು. "ಹಂಗಾರೆ ನೀಲಿ ತನಕ ನನ್ದೇ" ಎಂದ. "ಅದೇ ಕಾಣ್, ಸ್ವಲ್ಪ ಅವಸ್ರ ಆಯ್ತ್. ಕಾಲ್ ಒಣಗ್ಲಿ, ನೀಲಿಯಿಂದ ಸುರು ಮಾಡ್ವ. ಮಳೆಗೆ ಮುಂಚೆ ಮತ್ತೊಂದ್ಸಲ ಹೋಪ ಚಪ್ಪರಕ್ಕೆ."

ನಾನು ಎದ್ದೆ. ಅವನು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ನನ್ನ ಕೈಯ ಮೇಲಿಟ್ಟ. "ನೀ ಬಂದ್ ಹೇಳ್ದೆ ಅಲ್ದಾ, ಅದ್ ದೊಡ್ಡದ್ ಮಾಣಿ. ಬೇರೆಯವ್ರಾರೆ ಮುಚ್ಚಿಡ್ತಿದ್ರ್" ಎಂದ. ನನ್ನ ಕೈಯನ್ನು ಅದುಮಿ ಹಿಡಿಯಲು ನೋಡುತ್ತಿದ್ದಾನೆಂದು ಅವನ ಮುಖದಿಂದ ತಿಳಿಯಿತು, ಕೈಯಿಂದ ತಿಳಿಯಲಿಲ್ಲ. "ಈಗ ಬಿಗಿ ಇತ್ತಲ್ದಾ?" ಎಂದು ಕೇಳಿದ.

"ನೋವಾತ್ತ್ ಅಣ್ಣಯ್ಯ, ಬಿಡ್" ಎಂದೆ ನಾನು.